ಕೊಕ್ಕೆ ಲೈನು

ತೀನ್ ಕಂದಿಲ್ ಹತ್ತಿರದ ಸಂದಿಯಲ್ಲಿ
ಹೊಲಿಗೆ ಮಷೀನು ರಿಪೇರಿ ಮಾಡುವ ದೇವಸಾಯಪ್ಪನ
ಟ್ರಂಕಿನ ತಳದಲ್ಲಿ
ಲ್ಯಾಮಿನೇಟ್ ಮಾಡಿಸಿದ ಒಂದು ವಂಶಾವಳಿ.
ಪೇತ್ರನಿಂದ ಶುರು. ಅಂತಿಯೋಕದಲ್ಲಿ ಇಳಿದು,
ಓದಲು ನಾಲಿಗೆ ಹೊರಳದ ಅರವತ್ತು ಹೆಸರು ದಾಟಿ,
ಊರಿಲ್ಲದ ಒಬ್ಬ ಬಿಷಪ್ಪನ ಕೈಗೆ ಬಂದು,
ಗುಂತಕಲ್ಲಿನ ಬಾಡಿಗೆ ಕಲ್ಯಾಣಮಂಟಪದಲ್ಲಿ,
ಹಿಂದಿನ ದಿನದ ಮದುವೆಯ ಥರ್ಮೋಕೋಲ್ ಹಂಸಗಳು
ಇನ್ನೂ ತೂಗುತ್ತಿದ್ದಾಗ
ಇವನ ನೆತ್ತಿ ಮುಟ್ಟಿದೆ.

ನನ್ನವ್ವ ಉಸಿರು ಎಳೆಯುತ್ತಿದ್ದ ರಾತ್ರಿ
ನಮ್ಮ ಫಾದರು ಬಳ್ಳಾರಿಗೆ ಧ್ಯಾನಕೂಟಕ್ಕೆ ಹೋಗಿದ್ದರು.
ಫೋನು ಬಂದ್. ಮೌನದ ವಾರ.
ಮುದಗಲ್ಲಿನ ಹೆಣ್ಣು, ಹಣೆಗೆ ಎಣ್ಣೆ ಬೀಳದೆ ಹೋಗಲಾರೆನೆಂದು ಹಠ.
ಇವನೇ ಬಂದ, ಶಕ್ತಿನಗರದ ಕೊನೆ ಬಸ್ಸಿಗೆ,
ಅಂಗಿಯ ಮೇಲೆ ಸ್ಟೋಲು, ಉಗುರಲ್ಲಿ ಮಷೀನಿನ ಮಸಿ.
ಅಡುಗೆಮನೆಯ ಕುಸುಬಿ ಎಣ್ಣೆ ಕೇಳಿ ಪಡೆದು, ಆಶೀರ್ವದಿಸಿ,
ಹಣೆಗೆ, ಎರಡೂ ಅಂಗೈಗೆ ಶಿಲುಬೆ ಎಳೆದ.
ಬೆಳಗಿನ ಸೈರನ್ನಿಗೆ ಅವ್ವ ಇರಲಿಲ್ಲ.

ಹತ್ತಿತೋ ಇಲ್ಲವೋ?
ನಾನು ಸ್ವಿಚ್‌ಯಾರ್ಡಿನ ಇನ್ನಾಸಪ್ಪ,
ಟೆಸ್ಟರ್ ಇಡದೆ ಯಾವುದನ್ನೂ ನಂಬಿದವನಲ್ಲ.

ಫಾದರು ಕನ್ನಡಕ ಒರೆಸಿದರು:
"ಕಾಗದ ನೋಡಬೇಕು. ಕೈಯಿಟ್ಟವನು ಬಿಷಪ್ಪನೇ ಆಗಿದ್ದರೆ,
ಮಾತು ತಪ್ಪದಿದ್ದರೆ, ಮನಸ್ಸು ಸಭೆಯ ಮನಸ್ಸಾಗಿದ್ದರೆ
ದೀಕ್ಷೆ ಸಿಂಧು. ಅಪ್ಪಣೆ ಮಾತ್ರ ಇಲ್ಲ. ಅದು ತಪ್ಪು."
ನನಗೆ ತಿಳಿಯಿತು. ಕೊಕ್ಕೆ ಲೈನು.
ಕಂಬಕ್ಕೆ ತಂತಿ ಎಸೆದು ಕದ್ದವನ ಗುಡಿಸಲಲ್ಲೂ
ಬಲ್ಬು ಬಲ್ಬೇ, ಬೆಳಕು ಬೆಳಕೇ.
ವಿಜಿಲೆನ್ಸಿನವರು ಬಂದು ದಂಡ ಹಾಕಬಹುದು,
ಉರಿದ ರಾತ್ರಿಯನ್ನು ವಾಪಸು ಒಯ್ಯಲಾರರು.

ಬಾಯ್ಲರಿನ ಕುರಿಯಾಕೋಸ್ ಚಹಾ ಊದುತ್ತ ನಕ್ಕ.
ಅವರ ಅಚ್ಚನ್ ಹೈದರಾಬಾದಿನಿಂದ, ತಿಂಗಳಿಗೊಂದು ಭಾನುವಾರ.
ಬಾರದ ತಿಂಗಳು ಕುರ್ಬಾನವಿಲ್ಲ. ಕಾಯುತ್ತಾರೆ.
"ಕೃಪೆ ಕರೆಂಟಾ, ಇನ್ನಾಸಿ, ಎಳೆದಲ್ಲೆಲ್ಲ ಹರಿಯೋಕೆ?
ಕನ್ವೇಯರ್ ಬೆಲ್ಟಿಗೆ ಸಿಕ್ಕ ಕೈ ನೋಡಿದ್ದೀಯಲ್ಲ,
ಐದೂ ಬೆರಳಿತ್ತು. ಉಂಗುರವಿತ್ತು.
ಅನ್ನ ಕಲಸುತ್ತಾ ಅದು?"
ನಿಮ್ಮ ಅಚ್ಚನ್ನರ ದೀಕ್ಷೆ ನಮಗೆ ಸಿಂಧು, ಅಂದೆ.
"ಗೊತ್ತು. ನಿಮ್ಮದು ನಮಗೆ ಹೇಗೆ ಅಂತ ಮಾತ್ರ ಕೇಳಬೇಡ."
ಆಮೇಲೆ, ನನ್ನ ಮುಖ ನೋಡಿಯೋ ಏನೋ, ಲೋಟ ಕೆಳಗಿಟ್ಟ:
"ನಮ್ಮ ಹಿರಿಯರದೊಂದು ಮಾತುಂಟು,
ನಿಮ್ಮ ಕನ್ನಡದಲ್ಲಿ ಮನೆವಾರ್ತೆ.
ಸೇರು ಅಳೆದು ಕೊಡೋದು ಲೆಕ್ಕ.
ಬಾಗಿಲಲ್ಲಿ ನಿಂತವನ ಜೋಳಿಗೆ ನೋಡಿ
ಮೇಲೊಂದು ಹಿಡಿ ಹಾಕೋದು ಮನೆಯಾಕೆಗೆ ಬಿಟ್ಟದ್ದು.
ನಿನ್ನವ್ವ ಆ ಹಿಡಿಯಲ್ಲಿದ್ದಾಳೆ. ನಾನು ಅಳೆಯಲ್ಲ."

ಹಾರುಬೂದಿ ಮತ್ತೆ ಏಳುವ ಹೊತ್ತಿಗೆ
ದೇವಸಾಯಪ್ಪನೇ ಬಂದ, ಕಾಗದ ಕಂಕುಳಲ್ಲಿ.
ಎರಡೂ ಬಾಗಿಲು ತಟ್ಟಿ ಬಂದಿದ್ದ.
ಒಂದು ಮನೆ ಅಂದಿತಂತೆ: ಮುದ್ರೆ ಬಿದ್ದಿದ್ದರೆ ಅಳಿಸಲಾಗದು,
ಎರಡನೇ ಸಲ ಒತ್ತುವುದೂ ಇಲ್ಲ; ಆದರೆ ಪೀಠ ಹತ್ತಬೇಡ.
ಇನ್ನೊಂದು: ಬಿದ್ದೇ ಇಲ್ಲ; ಬೇಕಾದರೆ ಬಾ,
ಹಿಂದಿನ ಸಾಲಲ್ಲಿ ಕೂತು ಮೊದಲಿಂದ ಕಲಿ.
"ಒಬ್ರು ಹೌದಂತಾರ, ಒಳಗ ಬಿಡವಲ್ರು.
ಒಬ್ರು ಅಲ್ಲಂತಾರ, ಒಳಗ ಕರೀತಾರ."

ಅವ್ವನ ಮಷೀನು ಮೂಲೆಯಲ್ಲಿತ್ತು.
ಕೇಳದೆಯೇ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ.
ಶಟಲ್ ಬಿಚ್ಚಿ, ವರ್ಷಗಳ ನೂಲಿನ ಕಸ ಊದಿ,
ಒಂದೊಂದು ತೂತಿಗೂ ಒಂದೊಂದೇ ಹನಿ ಎಣ್ಣೆ ಬಿಟ್ಟ.
ತಲೆಯೆತ್ತದೆ ಕೇಳಿದ:
"ನಿಮ್ಮವ್ವ ಆ ರಾತ್ರಿ ಏನರ ಅಂದಳೇನು?"

ಸುಳ್ಳು ಹೇಳಬಹುದಿತ್ತು.
"ಕೈ ಬೆಚ್ಚಗದ ಅಂದಳು. ಆಮ್ಯಾಲ ನೀರು ಕೇಳಿದಳು."
"ಬೆಚ್ಚಗ," ಅಂದ. ಚಕ್ರ ತಿರುಗಿಸಿ ನೋಡಿದ. ತಿರುಗಿತು.

ನೂರು ರೂಪಾಯಿ ಕೊಡಹೋದೆ.
ಐವತ್ತು ತೆಗೆದುಕೊಂಡ.